ಬೀಜದ ದಾರಿ, ಹೆಸರಿನ ದಾರಿ: ದೂರದ್ವೀಪಗಳ ಸಸ್ಯವಲಸೆಯ ಚರಿತ್ರೆಗೆ ಎರಡು ಆಕರಗಳು

ಚರಿತ್ರೆಯನ್ನು ಬರೆಯುವವರಿಗೆ ಆಕರಗಳು ಬೇಕು. ಶಾಸನ, ಕಡತ, ನಾಣ್ಯ, ಅವಶೇಷಗಳು ದೊರೆಯುವೆಡೆ ಇತಿಹಾಸಕಾರರ ಕೆಲಸ ಅಷ್ಟರಮಟ್ಟಿಗೆ ಸುಗಮ. ಅವು ದೊರೆಯದ ಕಡೆ ಮೌಖಿಕ ಪರಂಪರೆಯೂ ಆಕರವಾಗಬಲ್ಲದೆಂಬುದನ್ನು ಜಾನಪದ ವಿದ್ವಾಂಸರು ಹಲವು ದಶಕಗಳಿಂದ ಪ್ರತಿಪಾದಿಸುತ್ತ ಬಂದಿದ್ದಾರೆ. ಆದರೆ ಮನುಷ್ಯರು ಕಣ್ಣಾರೆ ಕಾಣದ ಘಟನೆಗಳ ಚರಿತ್ರೆಗೆ ಆಕರ ಯಾವುದು? ಮಹಾಸಾಗರದ ನಡುವೆ ಬೆಂಕಿಬೆಟ್ಟವಾಗಿ ಮೇಲೆದ್ದ ಬರಡು ಬಂಡೆಯ ಮೇಲೆ ಮೊದಲ ಗಿಡ ಬೇರೂರಿದ್ದನ್ನು ನೋಡಿ ಹೇಳಿದವರಿಲ್ಲ. ಸಾವಿರಾರು ಮೈಲಿ ನೀರನ್ನು ದಾಟಿ ಆ ಬೀಜ ಎಲ್ಲಿಂದ ಬಂತು, ಹೇಗೆ ಬಂತು ಎಂಬ ಪ್ರಶ್ನೆಗೆ ಬಹುಕಾಲ ಊಹೆಯೇ ಉತ್ತರವಾಗಿತ್ತು. ಸುಮಾರು 1990ರಿಂದೀಚೆಗೆ ಸಸ್ಯಗಳ ವಂಶವಾಹಿಗಳು ಈ ಚರಿತ್ರೆಗೆ ಹೊಸ ಆಕರವಾಗಿ ಒದಗಿವೆ.

ಪ್ರಸ್ತುತ ಲೇಖನದ ಉದ್ದೇಶ ಎರಡು. ದೂರದ್ವೀಪಗಳಿಗೆ ಸಸ್ಯಗಳು ಬಂದು ನೆಲೆಸಿದ ಬಗೆಯನ್ನು ತಳಿವಿಜ್ಞಾನ ಹೇಗೆ ಬಿಡಿಸಿ ಹೇಳುತ್ತಿದೆ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ಪರಿಚಯಿಸುವುದು ಒಂದು. ಈ ಹೊಸ ಆಕರಕ್ಕೂ ದ್ವೀಪವಾಸಿಗಳ ಕಥೆ, ಐತಿಹ್ಯ, ಸಸ್ಯನಾಮಗಳೆಂಬ ಹಳೆಯ ಆಕರಕ್ಕೂ ಇರುವ ಸಂಬಂಧವನ್ನು ಪರಿಶೀಲಿಸುವುದು ಇನ್ನೊಂದು. ಈ ಎರಡರಲ್ಲಿ ಯಾವುದೂ ಇನ್ನೊಂದರ ಸ್ಥಾನವನ್ನು ತುಂಬಲಾರದು, ಒಂದಕ್ಕೆ ಕೇಳಬೇಕಾದ ಪ್ರಶ್ನೆಯನ್ನು ಇನ್ನೊಂದಕ್ಕೆ ಕೇಳಿದಾಗಲೇ ತಪ್ಪು ಚರಿತ್ರೆ ಹುಟ್ಟುತ್ತದೆ ಎಂಬುದು ಇಲ್ಲಿನ ಪ್ರತಿಪಾದನೆ.

1. ದ್ವೀಪವೆಂಬ ಸಮಸ್ಯೆ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಪ್ರಕೃತಿ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆಗಳಲ್ಲಿ ಇದು ಮುಖ್ಯವಾದುದು. ಒಂದೇ ಬಗೆಯ ಗಿಡಗಳು ಸಾಗರದ ಆಚೆ ಈಚೆ ಎರಡೂ ದಡಗಳಲ್ಲಿ ಏಕಿವೆ? ಹಿಂದೆ ಅಲ್ಲಿದ್ದ ಭೂಸೇತುವೆಗಳು ಮುಳುಗಿಹೋಗಿವೆ ಎಂಬುದು ಕೆಲವರ ಉತ್ತರವಾಗಿತ್ತು. ಚಾರ್ಲ್ಸ್ ಡಾರ್ವಿನ್‌ಗೆ ಈ ಉತ್ತರ ಒಪ್ಪಿಗೆಯಾಗಲಿಲ್ಲ. ಆತ 1850ರ ದಶಕದಲ್ಲಿ ತನ್ನ ಮನೆಯಲ್ಲಿಯೇ ಉಪ್ಪುನೀರಿನ ಪಾತ್ರೆಗಳಲ್ಲಿ ಬೀಜಗಳನ್ನು ನೆನೆಹಾಕಿದ. ಪರೀಕ್ಷಿಸಿದ 87 ಬಗೆಯ ಬೀಜಗಳಲ್ಲಿ 64 ಬಗೆಗಳು 28 ದಿನ ನೆನೆದ ಮೇಲೂ ಮೊಳೆತವು. ಕೆಲವು 137 ದಿನಗಳ ನಂತರವೂ ಜೀವ ಉಳಿಸಿಕೊಂಡಿದ್ದವು. ಹಕ್ಕಿಗಳ ಕಾಲಿಗೆ ಮೆತ್ತಿದ ಕೆಸರನ್ನೂ ಆತ ಕುಂಡಗಳಲ್ಲಿ ಹಾಕಿ ನೋಡಿದ. ಬೀಜಗಳು ತಾವಾಗಿಯೇ ಸಾಗರ ದಾಟಬಲ್ಲವು ಎಂಬುದು ಆತನ ವಾದ. ಆತನ ಆಪ್ತಸ್ನೇಹಿತ, ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಈ ವಾದವನ್ನು ಬಹುಕಾಲ ಒಪ್ಪಲಿಲ್ಲ. 1866ರಲ್ಲಿ ದ್ವೀಪಸಸ್ಯಗಳನ್ನು ಕುರಿತು ಆತ ನೀಡಿದ ಪ್ರಸಿದ್ಧ ಉಪನ್ಯಾಸದಲ್ಲಿ ಎರಡೂ ಪಕ್ಷಗಳನ್ನು ತೂಗಿ ನೋಡಿ ಡಾರ್ವಿನ್‌ನ ಕಡೆಗೆ ವಾಲಿದ.

ಹೊಸ ದ್ವೀಪವೊಂದು ಹುಟ್ಟಿ ಹಸಿರಾಗುವುದನ್ನು ಕಣ್ಣಾರೆ ಕಾಣುವ ಅವಕಾಶ ಇಪ್ಪತ್ತನೆಯ ಶತಮಾನದಲ್ಲಿ ಒದಗಿತು. ಐಸ್‌ಲ್ಯಾಂಡಿನ ದಕ್ಷಿಣಕ್ಕೆ 1963ರ ನವೆಂಬರಿನಲ್ಲಿ ಸಮುದ್ರದೊಳಗಿನ ಜ್ವಾಲಾಮುಖಿಯಿಂದ ಸರ್ಟ್ಸೀ ಎಂಬ ದ್ವೀಪ ಮೇಲೆದ್ದಿತು. 1965ರಲ್ಲಿಯೇ ಅದರ ದಂಡೆಯಲ್ಲಿ ಸಮುದ್ರದ ನೀರಿನಲ್ಲಿ ತೇಲಿಬಂದ ಬೀಜದ ಮೊದಲ ಗಿಡ ಕಾಣಿಸಿಕೊಂಡಿತು. ಮುಂದೆ 1980ರ ದಶಕದಲ್ಲಿ ಕಡಲಕ್ಕಿಗಳು ಗುಂಪಾಗಿ ಗೂಡುಕಟ್ಟತೊಡಗಿದ ಮೇಲೆ ಗಿಡಗಳ ಬಗೆಗಳು ವೇಗವಾಗಿ ಹೆಚ್ಚಿದವು. ಅಲೆ, ಗಾಳಿ, ಹಕ್ಕಿ ಎಂಬ ಮೂರು ವಾಹಕಗಳೂ ಕೆಲಸ ಮಾಡುತ್ತವೆ ಎಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ. ಆದರೆ ಸರ್ಟ್ಸೀ ಐಸ್‌ಲ್ಯಾಂಡಿನ ಕರಾವಳಿಗೆ ಹತ್ತಿರದ ದ್ವೀಪ. ಅತಿ ಸಮೀಪದ ಖಂಡದಿಂದಲೂ ಮೂರೂವರೆ ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರವಿರುವ ಹವಾಯಿಯಂಥ ದ್ವೀಪಗಳ ಚರಿತ್ರೆಯನ್ನು ಹೀಗೆ ಕಾದು ಕುಳಿತು ನೋಡಲಾಗದು. ಅದನ್ನು ಗಿಡಗಳ ಒಳಗಿನಿಂದಲೇ ಓದಬೇಕು.

2. ವಂಶವಾಹಿಯನ್ನು ಓದುವ ಬಗೆ

ಹಸ್ತಪ್ರತಿಗಳ ಸಂಪಾದನೆಯನ್ನು ಬಲ್ಲವರಿಗೆ ಈ ಓದಿನ ತತ್ತ್ವ ಅಪರಿಚಿತವೇನಲ್ಲ. ಪ್ರತಿಕಾರನೊಬ್ಬ ಮಾಡಿದ ತಪ್ಪು ಆತನ ಪ್ರತಿಯಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲಿಯೂ ಉಳಿಯುತ್ತದೆ. ಎರಡು ಓಲೆಗರಿಗಳಲ್ಲಿ ಒಂದೇ ವಿಚಿತ್ರ ತಪ್ಪು ಕಂಡುಬಂದರೆ ಅವೆರಡೂ ಒಂದೇ ಮಾತೃಕೆಯಿಂದ ಇಳಿದುಬಂದವೆಂದು ಸಂಪಾದಕರು ಊಹಿಸುತ್ತಾರೆ. ಡಿ.ಎನ್.ಎ. ಕೂಡ ತಲೆಮಾರಿನಿಂದ ತಲೆಮಾರಿಗೆ ಪ್ರತಿಯಾಗುತ್ತ ಹೋಗುವ ಬರಹ. ಅದರಲ್ಲಿ ಆಗಾಗ ಬೀಳುವ ಚಿಕ್ಕ ವ್ಯತ್ಯಾಸಗಳು ಮುಂದಿನ ಸಂತಾನಕ್ಕೆ ದಾಟುತ್ತವೆ. ಇಲ್ಲಿ ಬರೀ ಹೋಲಿಕೆಯನ್ನು ನೋಡಿದರೆ ಸಾಲದು, ಹೊಸದಾಗಿ ಬಿದ್ದ ವ್ಯತ್ಯಾಸವನ್ನು ಯಾರು ಯಾರು ಹಂಚಿಕೊಂಡಿದ್ದಾರೆ ಎಂಬುದನ್ನು ನೋಡಬೇಕು. ದ್ವೀಪವೊಂದರ ಗಿಡಗಳ ಗುಂಪು ಮತ್ತೊಂದು ನೆಲದ ಗಿಡಗಳ ವಂಶವೃಕ್ಷದ ಒಳಗೆ ಒಂದು ರೆಂಬೆಯಾಗಿ ಕುಳಿತರೆ, ಆ ನೆಲವೇ ತವರು, ದ್ವೀಪವೇ ಹೋಗಿ ಸೇರಿದ ಮನೆ.

ಈ ಓದಿಗೆ ಎರಡು ಬಗೆಯ ಬರಹಗಳು ದೊರೆಯುತ್ತವೆ. ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಪ್ಲಾಸ್ಟ್ ಕಣಗಳಿಗೆ ಅವುಗಳದೇ ಡಿ.ಎನ್.ಎ. ಇದೆ. ಹೆಚ್ಚಿನ ಹೂಗಿಡಗಳಲ್ಲಿ ಇದು ತಾಯಿಗಿಡದಿಂದ ಮಾತ್ರ ಬರುತ್ತದೆ. ನಮ್ಮ ಕರಾವಳಿಯ ಅಳಿಯಕಟ್ಟಿನಲ್ಲಿ ಬಳಿಯನ್ನು ತಾಯಿಯ ಕಡೆಯಿಂದ ಎಣಿಸುವಂತೆ ಇದು ಹೆಣ್ಣಿನ ದಾರಿಯನ್ನಷ್ಟೇ ಹೇಳುತ್ತದೆ. ಜೀವಕೋಶದ ಕೇಂದ್ರದಲ್ಲಿರುವ ಡಿ.ಎನ್.ಎ. ತಂದೆತಾಯಿಗಳಿಬ್ಬರ ಕಡೆಯದನ್ನೂ ಹೇಳುತ್ತದೆ. ವ್ಯತ್ಯಾಸಗಳು ಕೂಡಿಕೊಳ್ಳುವ ವೇಗವನ್ನು ಅಂದಾಜು ಮಾಡಿ ಎರಡು ವಂಶಗಳು ಕವಲೊಡೆದ ಕಾಲವನ್ನೂ ಲೆಕ್ಕಹಾಕಬಹುದು. ಕವಲೊಡೆದ ಕಾಲವೂ ದ್ವೀಪಕ್ಕೆ ಬಂದ ಕಾಲವೂ ಒಂದೇ ಆಗಿರಬೇಕಾಗಿಲ್ಲ ಎಂಬ ಎಚ್ಚರ ಮಾತ್ರ ಅಗತ್ಯ. ಅಣ್ಣತಮ್ಮಂದಿರು ಊರಿನಲ್ಲಿದ್ದಾಗಲೇ ಪಾಲಾಗಿ, ಎಷ್ಟೋ ಕಾಲದ ಮೇಲೆ ಒಬ್ಬ ಊರು ಬಿಟ್ಟಿರಬಹುದು.

3. ತಾವಾಗಿ ಬಂದ ಗಿಡಗಳು

ಹವಾಯಿಯ ಮಾವಿ ದ್ವೀಪದಲ್ಲಿ ಹಲೆಯಾಕಲಾ ಎಂಬ ಬೆಂಕಿಬೆಟ್ಟವಿದೆ. ಅದರ ಎತ್ತರದ ಬೂದಿನೆಲದಲ್ಲಿ ಬೆಳ್ಳಿಯ ಬಣ್ಣದ ಕತ್ತಿಯಂಥ ಎಲೆಗಳ ಗಿಡವೊಂದು ಬೆಳೆಯುತ್ತದೆ. ಹವಾಯಿಯ ಜನ ಅದನ್ನು ಆಹಿನಾಹಿನಾ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಅದು ಸಿಲ್ವರ್‌ಸೋರ್ಡ್. ಹಲವಾರು ವರ್ಷ ಬೆಳೆದು, ಒಂದೇ ಬಾರಿ ಆಳೆತ್ತರದ ಹೂಗೊಂಚಲು ಬಿಟ್ಟು ಸಾಯುವ ಗಿಡವಿದು. ಇದರ ಹತ್ತಿರದ ಬಂಧುಗಳಲ್ಲಿ ಮರಗಳಿವೆ, ಪೊದೆಗಳಿವೆ, ನೆಲಕ್ಕಂಟಿದ ಮೆತ್ತೆಗಳಿವೆ, ಬಳ್ಳಿಯೂ ಇದೆ. ಸುಮಾರು 30 ಜಾತಿಗಳ ಈ ಗುಂಪು ಹವಾಯಿಯಲ್ಲಿ ಬಿಟ್ಟರೆ ಬೇರೆಲ್ಲಿಯೂ ಇಲ್ಲ. ಇವು ಒಂದೇ ಕುಲದವೆಂದು ನೋಡಿದವರು ನಂಬುವುದು ಕಷ್ಟ.

ಇವುಗಳ ಅಂಗರಚನೆಯನ್ನು ಪರಿಶೀಲಿಸಿದ ಶರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ಸಸ್ಯವಿಜ್ಞಾನಿ 1959ರಲ್ಲಿ, ಕ್ಯಾಲಿಫೋರ್ನಿಯಾದ ಟಾರ್‌ವೀಡ್ ಎಂಬ ಅಂಟುಗಿಡಗಳೇ ಇವುಗಳ ಬಂಧುಗಳೆಂದು ಸೂಚಿಸಿದ್ದ. ಟಾರ್‌ವೀಡ್ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ, ಬಯಲಿನಲ್ಲಿ ಬೆಳೆಯುವ ಸಾಧಾರಣ ಗಿಡ. 1991ರಲ್ಲಿ ಬ್ರೂಸ್ ಬಾಲ್ಡ್‌ವಿನ್ ಮತ್ತು ಸಂಗಡಿಗರು ಕ್ಲೋರೋಪ್ಲಾಸ್ಟ್ ಡಿ.ಎನ್.ಎ. ಆಧಾರದಿಂದ ಈ ಸೂಚನೆಯನ್ನು ಖಚಿತಪಡಿಸಿದರು. ಹವಾಯಿಯ ಇಡೀ ಗುಂಪು ಟಾರ್‌ವೀಡ್‌ಗಳ ವಂಶವೃಕ್ಷದ ಒಂದು ರೆಂಬೆ. ಕಾಲಗಣನೆ ಸುಮಾರು 50 ಲಕ್ಷ ವರ್ಷಗಳೆಂದು ಹೇಳುತ್ತದೆ. ಹವಾಯಿಯ ದೊಡ್ಡ ದ್ವೀಪಗಳಲ್ಲಿ ಹಳೆಯದಾದ ಕವಾಯಿಯ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ತಾಯಿಯ ಬಳಿಯನ್ನಷ್ಟೇ ಹೇಳುವ ಈ ಬರಹದ ಜೊತೆಗೆ ಮುಂದೆ ಕೇಂದ್ರದ ವಂಶವಾಹಿಗಳನ್ನೂ ಓದಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಈ ಗುಂಪಿನ ಮೂಲಪುರುಷ ಎರಡು ಟಾರ್‌ವೀಡ್ ವಂಶಗಳು ಕೂಡಿ ಹುಟ್ಟಿದ ಸಂಕರ ಎಂದು 1999ರ ಅಧ್ಯಯನ ತೋರಿಸಿತು. ಅಂಟುಕಾಯಿಯೊಂದು ಹಕ್ಕಿಯ ರೆಕ್ಕೆಗೆ ಮೆತ್ತಿಕೊಂಡು ಬಂದಿರಬಹುದೆಂಬುದು ವಿಜ್ಞಾನಿಗಳ ಊಹೆ.

ಇದಕ್ಕಿಂತಲೂ ಅಚ್ಚರಿಯದು ಕೋವಾ ಮರದ ಕಥೆ. ಇದು ನಮ್ಮ ಜಾಲಿಯ ಕಡೆಯ ಮರ, ಹವಾಯಿಯ ಕಾಡುಗಳ ಹೆಮ್ಮೆ. 'ಕೋವಾ' ಎಂದರೆ ಹವಾಯಿ ಭಾಷೆಯಲ್ಲಿ ಧೀರ, ಯೋಧ ಎಂದೂ ಅರ್ಥ. ಅಲ್ಲಿನ ದೊಡ್ಡ ದೋಣಿಗಳನ್ನು ಈ ಮರದ ದಿಮ್ಮಿಯನ್ನೇ ಕೊರೆದು ಮಾಡುತ್ತಿದ್ದರು. ಮರ ಕಡಿಯುವ ಮುನ್ನ 'ಎಲೆಪಾಯೊ' ಎಂಬ ಚಿಕ್ಕ ಹಕ್ಕಿಯನ್ನು ಗಮನಿಸುವುದು ವಾಡಿಕೆ. ಆ ಹಕ್ಕಿ ದೋಣಿ ಕಟ್ಟುವವರ ದೇವತೆಯಾದ ಲೇಯಾಳ ರೂಪ. ಅದು ದಿಮ್ಮಿಯ ಮೇಲೆ ಕುಳಿತು ಕುಟುಕಿದರೆ ಮರದೊಳಗೆ ಹುಳು ಹಿಡಿದಿದೆಯೆಂದು ತಿಳಿದು ಅದನ್ನು ಬಿಟ್ಟುಬಿಡುತ್ತಿದ್ದರು. ಹುಳುವನ್ನು ತಿನ್ನುವ ಹಕ್ಕಿಯ ನಡವಳಿಕೆಯನ್ನು ಆಧರಿಸಿದ ಈ ನಂಬಿಕೆಯಲ್ಲಿ ಬಡಗಿಯ ಅನುಭವವೂ ಭಕ್ತಿಯೂ ಬೆರೆತಿವೆ.

ಪೆಸಿಫಿಕ್ಕಿನ ಈ ದ್ವೀಪಗಳಿಂದ ಸುಮಾರು 18,000 ಕಿಲೋಮೀಟರ್ ದೂರದಲ್ಲಿ, ಹಿಂದೂ ಮಹಾಸಾಗರದಲ್ಲಿ, ರಿಯೂನಿಯನ್ ಎಂಬ ದ್ವೀಪವಿದೆ. ಅದರ ಬೆಟ್ಟಗಳ ಮೇಲೆ ಕೋವಾವನ್ನೇ ಹೋಲುವ ಒಂದು ಮರವಿದೆ. ಅಲ್ಲಿನ ಜನ ಅದರ ಮರದಿಂದ ಮನೆಗಳಿಗೆ ಹೊದಿಸುವ ಹಲಗೆಗಳನ್ನು ಸೀಳುತ್ತಿದ್ದರು. ಈ ಹೋಲಿಕೆಯನ್ನು ವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದರು. ಇಬ್ಬರಿಗೂ ಆಸ್ಟ್ರೇಲಿಯಾದಿಂದ ಬೇರೆ ಬೇರೆಯಾಗಿ ಬಂದಿರಬಹುದೆ? ನಾವಿಕರು ಒಯ್ದಿರಬಹುದೆ? ಭೂಪಟವನ್ನು ನೋಡಿದರೆ ಮೊದಲ ಊಹೆಯೇ ಸಹಜ. ರಿಯೂನಿಯನ್‌ಗೆ ಹವಾಯಿಗಿಂತ ಆಸ್ಟ್ರೇಲಿಯಾ ಎಷ್ಟೋ ಹತ್ತಿರ. 2014ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಈ ಊಹೆಯನ್ನು ತಲೆಕೆಳಗು ಮಾಡಿತು. ರಿಯೂನಿಯನ್ನಿನ ಮರ ಹವಾಯಿಯ ಕೋವಾ ವಂಶದ ಒಳಗಿನ ಒಂದು ರೆಂಬೆ. ಸುಮಾರು 14 ಲಕ್ಷ ವರ್ಷಗಳೀಚೆಗೆ, ಒಂದೇ ಒಂದು ಸಲ, ಹವಾಯಿಯಿಂದ ರಿಯೂನಿಯನ್‌ಗೆ ಬೀಜ ಸಾಗಿದೆ. ರಿಯೂನಿಯನ್ನಿನಲ್ಲಿ ಮನುಷ್ಯರು ನೆಲೆಸಿದ್ದು ಹದಿನೇಳನೆಯ ಶತಮಾನದಲ್ಲಿ. ಅಷ್ಟು ಹೊತ್ತಿಗೆ ಮರ ತನ್ನದೇ ಜಾತಿಯಾಗಿ ಬೇರ್ಪಟ್ಟು ಅಲ್ಲಿನ ಎತ್ತರದ ಕಾಡುಗಳನ್ನು ಕಟ್ಟಿತ್ತು. ಆದ್ದರಿಂದ ನಾವಿಕರ ಮಾತಿಗೆ ಇಲ್ಲಿ ಎಡೆಯಿಲ್ಲ. ಕಡಲಹಕ್ಕಿಯೊಂದು ಹೊತ್ತು ತಂದಿರಬಹುದು. ಹತ್ತಿರವಿರುವುದೇ ಮೂಲವೆಂಬ ನಮ್ಮ ಸಾಮಾನ್ಯ ತರ್ಕ ಎಷ್ಟು ಅಪಾಯಕಾರಿ ಎಂಬುದನ್ನು ಈ ನಿದರ್ಶನ ಕಲಿಸುತ್ತದೆ.

4. ಮನುಷ್ಯರ ಜೊತೆಗೆ ಬಂದ ಗಿಡಗಳು

ಪೆಸಿಫಿಕ್ ದ್ವೀಪಗಳ ಸಸ್ಯಗಳಲ್ಲಿ ಇನ್ನೊಂದು ವರ್ಗವಿದೆ. ಅವು ದೋಣಿಯೇರಿ ಬಂದವು. ನಾರುಬಟ್ಟೆಯ ಮರ ಅವುಗಳಲ್ಲೊಂದು. ಇದು ಹಿಪ್ಪುನೇರಳೆಯ ಸಂಬಂಧಿ. ನಮ್ಮ ಕಾವ್ಯಗಳ ವನವಾಸಿಗಳು ಉಡುವ ನಾರುಮಡಿಯಂತೆ, ಈ ಮರದ ಒಳತೊಗಟೆಯನ್ನು ನೆನೆಸಿ, ಬಡಿದು, ಹಾಸುಬಟ್ಟೆಯನ್ನಾಗಿ ಮಾಡುತ್ತಿದ್ದರು. ಟಾಪಾ ಎಂದು ಲೋಕಪ್ರಸಿದ್ಧವಾದ ಈ ಬಟ್ಟೆ ಹುಟ್ಟು, ಮದುವೆ, ಸಾವುಗಳ ಎಲ್ಲ ಆಚರಣೆಗಳಿಗೂ ಬೇಕಾದದ್ದು. ಈ ಮರದಲ್ಲಿ ಗಂಡು ಹೆಣ್ಣು ಬೇರೆ ಬೇರೆ. ದೂರದ ಪೆಸಿಫಿಕ್ ದ್ವೀಪಗಳಲ್ಲಿ ಇರುವವು ಬಹುಮಟ್ಟಿಗೆ ಹೆಣ್ಣುಮರಗಳೇ. ಬೀಜವಾಗಲು ಗಂಡಿಲ್ಲ, ಆದ್ದರಿಂದ ಬೇರಿನಿಂದ ಒಡೆಯುವ ಮರಿಗಳನ್ನು ಕಿತ್ತು ನೆಡುತ್ತ ಬಂದಿದ್ದಾರೆ. ಇಂಥ ಮರ ಗಾಳಿಗೂ ಹಕ್ಕಿಗೂ ಸಿಕ್ಕಿ ಬರಲಾರದು. ಅದು ಬಂದ ದಾರಿ ಮನುಷ್ಯರು ಬಂದ ದಾರಿಯೇ ಆಗಿರಬೇಕು.

2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಮರದ ಕ್ಲೋರೋಪ್ಲಾಸ್ಟ್ ಡಿ.ಎನ್.ಎ.ಯನ್ನು ಪೂರ್ವ ಏಷ್ಯಾದಿಂದ ಪಾಲಿನೇಷ್ಯದವರೆಗೆ ಹೋಲಿಸಿ ನೋಡಿತು. ದೂರದ ದ್ವೀಪಗಳ ಮರಗಳಲ್ಲಿ ಕಂಡ ತಾಯಿಬಳಿಯ ಮೂಲ ತೈವಾನಿನ ದಕ್ಷಿಣ ಭಾಗದಲ್ಲಿ ದೊರೆಯಿತು. ಪಾಲಿನೇಷ್ಯದಿಂದ ಮಡಗಾಸ್ಕರಿನವರೆಗೆ ಹರಡಿರುವ ಆಸ್ಟ್ರೊನೇಷ್ಯನ್ ಭಾಷಾಕುಟುಂಬದ ತವರು ತೈವಾನ್ ಎಂದು ಭಾಷಾವಿಜ್ಞಾನಿಗಳು ಬೇರೆ ಆಧಾರಗಳಿಂದ ಹೇಳುತ್ತಿದ್ದ ಮಾತಿಗೆ ಮರದ ಸಾಕ್ಷ್ಯವೂ ಕೂಡಿಕೊಂಡಿತು.

ಈ ಸಾಕ್ಷ್ಯದ ಮಹತ್ವ ತಿಳಿಯಬೇಕಾದರೆ ಹಳೆಯ ವಿವಾದವೊಂದನ್ನು ನೆನೆಯಬೇಕು. 1947ರಲ್ಲಿ ನಾರ್ವೆಯ ಥಾರ್ ಹೆಯರ್ಡಾಲ್ 'ಕಾನ್-ಟಿಕಿ' ಎಂಬ ತೆಪ್ಪದಲ್ಲಿ ಪೆರುವಿನಿಂದ ಹೊರಟು 101 ದಿನಗಳಲ್ಲಿ ಪಾಲಿನೇಷ್ಯದ ರರೋಯಿಯಾ ಹವಳದ್ವೀಪವನ್ನು ತಲುಪಿದ. ಪಾಲಿನೇಷ್ಯಕ್ಕೆ ಜನ ದಕ್ಷಿಣ ಅಮೆರಿಕದಿಂದ ಬಂದರೆಂಬುದು ಆತನ ವಾದ. ಸಾಹಸ ಜಗತ್ತಿನ ಮನಸ್ಸನ್ನು ಗೆದ್ದಿತು. ಆದರೆ ಪಾಲಿನೇಷ್ಯದವರ ನೆನಪು ಬೇರೆಯದನ್ನೇ ಹೇಳುತ್ತಿತ್ತು. ಹವಾಯಿಕಿ ಎಂಬ ಪೂರ್ವಜರ ನೆಲ, ಅಲ್ಲಿಂದ ಹೊರಟ ದೋಣಿಗಳ ಹೆಸರು, ನಾವಿಕರ ವಂಶಾವಳಿ ಇವೆಲ್ಲ ಅವರ ಬಾಯಲ್ಲಿ ಉಳಿದಿದ್ದವು. ಮಾವೊರಿ ವಿದ್ವಾಂಸ ಟೆ ರಂಗಿ ಹಿರೋವಾ ಈ ಪರಂಪರೆಯನ್ನು ಆಧರಿಸಿ 1938ರಲ್ಲಿಯೇ ತನ್ನ ಜನ ಪಶ್ಚಿಮದಿಂದ ಬಂದವರೆಂದು ಬರೆದಿದ್ದ. ಪಾಲಿನೇಷ್ಯದ ನಾವಿಕರೇ ದಕ್ಷಿಣ ಅಮೆರಿಕಕ್ಕೆ ಹೋಗಿ ಗೆಣಸನ್ನು ತಂದಿರಬೇಕೆಂದೂ ಆತ ಊಹಿಸಿದ್ದ. ತೆಪ್ಪದ ಕಥೆಗೆ ಸಿಕ್ಕ ಪ್ರಚಾರ ಈ ಕಥೆಗಳಿಗೆ ಸಿಗಲಿಲ್ಲ. ಅವನ್ನು ಕಟ್ಟುಕಥೆಗಳೆಂದು ಬದಿಗಿಟ್ಟವರೇ ಹೆಚ್ಚು. ಜನರ ಬಾಯಿಯ ಮಾತನ್ನು ಕೇಳದೆಯೇ ಅವರ ಚರಿತ್ರೆಯನ್ನು ಬರೆದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಪಾಠ.

ತೆಂಗಿನ ವಿಷಯ ಇನ್ನೂ ಸ್ವಾರಸ್ಯಕರ. ತೆಂಗು ತಾನಾಗಿಯೂ ತೇಲಬಲ್ಲದು, ಮನುಷ್ಯರ ಜೊತೆಗೂ ಬರಬಲ್ಲದು. 2011ರಲ್ಲಿ ಬೀ ಗನ್ ಮತ್ತು ಸಂಗಡಿಗರು ಜಗತ್ತಿನ ನಾನಾ ಕಡೆಯ 1,300ಕ್ಕೂ ಹೆಚ್ಚು ತೆಂಗಿನ ಮರಗಳ ಡಿ.ಎನ್.ಎ.ಯನ್ನು ಪರೀಕ್ಷಿಸಿದರು. ತೆಂಗಿನ ವಂಶಗಳು ಮುಖ್ಯವಾಗಿ ಎರಡು, ಒಂದು ಪೆಸಿಫಿಕ್ಕಿನದು, ಇನ್ನೊಂದು ಹಿಂದೂ ಮಹಾಸಾಗರದ್ದು ಎಂದು ಕಂಡುಬಂದಿತು. ಭಾರತದ ದಕ್ಷಿಣ ತೀರ, ಶ್ರೀಲಂಕಾ, ಲಕ್ಷದ್ವೀಪ, ಮಾಲ್ಡೀವ್ಸ್‌ಗಳ ತೆಂಗು ಎರಡನೆಯ ವಂಶದ್ದು. ಲಕ್ಷದ್ವೀಪದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವೆಂಬುದನ್ನು ಇಲ್ಲಿ ನೆನೆಯಬಹುದು. ಮಡಗಾಸ್ಕರ್ ಮತ್ತು ಕೊಮೊರೊ ದ್ವೀಪಗಳಲ್ಲಿ ಎರಡೂ ವಂಶಗಳು ಬೆರೆತಿವೆ. ಮಡಗಾಸ್ಕರಿನ ಜನರ ಭಾಷೆ ಬೋರ್ನಿಯೋದ ಭಾಷೆಗಳಿಗೆ ಹತ್ತಿರವಾದದ್ದು. ಆ ಭಾಷೆಯನ್ನು ತಂದ ದೋಣಿಗಳಲ್ಲಿಯೇ ಪೆಸಿಫಿಕ್ ವಂಶದ ತೆಂಗೂ ಬಂದಿರಬೇಕು.

ತೆಂಗಿನ ಅಧ್ಯಯನದಲ್ಲಿ ಜನಪದರ ಪಾಲೂ ಇದೆ. ಉದ್ದನೆಯ, ಮೂಲೆಗಳೆದ್ದ, ದಪ್ಪ ಸಿಪ್ಪೆಯ ಕಾಯಿಗೆ ಸಮೋವಾದವರು 'ನಿಯು ಕಫಾ' ಎಂದೂ, ದುಂಡಗೆ ನೀರು ತುಂಬಿದ ಕಾಯಿಗೆ 'ನಿಯು ವೈ' ಎಂದೂ ಹೇಳುತ್ತಾರೆ. ಕಫಾ ಎಂದರೆ ನಾರಿನ ಹುರಿ, ವೈ ಎಂದರೆ ನೀರು. 1970ರ ದಶಕದಲ್ಲಿ ಹ್ಯೂ ಹ್ಯಾರೀಸ್ ಎಂಬ ಸಸ್ಯವಿಜ್ಞಾನಿ ತೇಲಿ ಹರಡಿದ ಕಾಡು ಬಗೆಗೆ ಮೊದಲ ಹೆಸರನ್ನೂ ಮನುಷ್ಯರು ಆರಿಸಿ ಬೆಳೆಸಿದ ಬಗೆಗೆ ಎರಡನೆಯದನ್ನೂ ಬಳಸಿದ. ಇಂದಿಗೂ ತೆಂಗಿನ ವೈಜ್ಞಾನಿಕ ಸಾಹಿತ್ಯದಲ್ಲಿ ಈ ಸಮೋವನ್ ಪದಗಳೇ ಪಾರಿಭಾಷಿಕಗಳು. ಹುರಿ ಹೊಸೆಯುವವರೂ ಎಳನೀರು ಕುಡಿಯುವವರೂ ಮಾಡಿದ ವರ್ಗೀಕರಣ ಪ್ರಯೋಗಾಲಯದಲ್ಲಿಯೂ ಉಪಯೋಗಕ್ಕೆ ಬಂದಿತು.

5. ಗೆಣಸಿನ ವಿವಾದ

ಎರಡು ಆಕರಗಳ ಮುಖಾಮುಖಿ ಅತ್ಯಂತ ತೀಕ್ಷ್ಣವಾಗಿರುವುದು ಗೆಣಸಿನ ವಿಷಯದಲ್ಲಿ. ಸಿಹಿಗೆಣಸಿನ ತವರು ಅಮೆರಿಕ ಖಂಡ. ಆದರೆ ಐರೋಪ್ಯರು ಬರುವುದಕ್ಕೆ ಶತಮಾನಗಳ ಮುಂಚೆಯೇ ಅದು ಪಾಲಿನೇಷ್ಯದಲ್ಲಿತ್ತು ಎಂಬುದಕ್ಕೆ ಕುಕ್ ದ್ವೀಪಗಳ ಮಂಗಾಯಿಯದಲ್ಲಿ ಸಿಕ್ಕ ಸುಟ್ಟ ಗೆಣಸಿನ ಅವಶೇಷ ಸಾಕ್ಷಿ. ಮಾವೊರಿಗಳು ಅದನ್ನು 'ಕೂಮರ' ಎನ್ನುತ್ತಾರೆ. ದಕ್ಷಿಣ ಅಮೆರಿಕದ ಕ್ವೆಚುವಾ ಭಾಷಾವಲಯದಲ್ಲಿ ಗೆಣಸಿಗೆ 'ಕುಮರ' ಎಂಬ ಹೆಸರು ದಾಖಲಾಗಿದೆ.

ಮಾವೊರಿ ಐತಿಹ್ಯವೊಂದು ಹೀಗಿದೆ. ಇಂದಿನ ನ್ಯೂಜಿಲೆಂಡಿನ ಫಕಟಾನೆಯಲ್ಲಿ ಟೊಯಿ ಎಂಬ ಹಿರಿಯನ ಜನ ನೆಲೆಸಿದ್ದರು. ಬೇಸಾಯದ ಬೆಳೆಗಳಿಲ್ಲದೆ ಕಾಡಿನದನ್ನೇ ಉಣ್ಣುತ್ತಿದ್ದ ಕಾರಣ ಆತನಿಗೆ ಟೊಯಿ-ಕಾಯಿ-ರಾಕೌ, ಅಂದರೆ ಮರ ತಿನ್ನುವ ಟೊಯಿ, ಎಂಬ ಹೆಸರು. ಕಡಲಾಚೆಯಿಂದ ಹೊವಾಕಿ, ಟೌಕಾಟಾ ಎಂಬ ಸೋದರರು ಬಂದರು. ಟೊಯಿಯ ಜನ ಬಡಿಸಿದ್ದು ಅವರಿಗೆ ರುಚಿಸಲಿಲ್ಲ. ಟೌಕಾಟಾ ತನ್ನ ನಡುಪಟ್ಟಿಯಲ್ಲಿ ಕಟ್ಟಿಕೊಂಡಿದ್ದ ಒಣಗೆಣಸನ್ನು ನೀರಿನಲ್ಲಿ ಕಲಸಿ ಕೊಟ್ಟ. ಸವಿಯನ್ನು ಕಂಡ ಜನ ದೋಣಿ ಕಟ್ಟಿ ಗೆಣಸಿನ ಬೀಜಗಡ್ಡೆಗಾಗಿ ಹವಾಯಿಕಿಗೆ ಆಳುಗಳನ್ನು ಕಳಿಸಿದರು. ಗಮನಿಸಿ: ಈ ಕಥೆಯಲ್ಲಿ ಗೆಣಸು ತಾನಾಗಿ ಬರುವುದಿಲ್ಲ. ಅತಿಥಿಯ ಸೊಂಟದಲ್ಲಿ ಮೊದಲು ಉಣಿಸಾಗಿ ಬರುತ್ತದೆ, ಬೆಳೆಯಾಗಿ ಬರಲು ಮತ್ತೆ ಸಮುದ್ರ ದಾಟಬೇಕಾಗುತ್ತದೆ.

ವಂಶವಾಹಿಗಳು ಏನು ಹೇಳುತ್ತವೆ? 2013ರಲ್ಲಿ ಕರೋಲಿನ್ ರೂಲಿಯೆ ಮತ್ತು ಸಂಗಡಿಗರು ಇಂದಿನ ಗೆಣಸಿನ ಜೊತೆಗೆ ಸಸ್ಯಸಂಗ್ರಹಾಲಯಗಳಲ್ಲಿ ಒಣಗಿಸಿಟ್ಟ ಹಳೆಯ ಮಾದರಿಗಳನ್ನೂ ಪರೀಕ್ಷಿಸಿದರು. ಜೇಮ್ಸ್ ಕುಕ್‌ನ ಮೊದಲ ಯಾನದಲ್ಲಿ 1769ರಲ್ಲಿ ಬ್ಯಾಂಕ್ಸ್ ಮತ್ತು ಸೊಲಾಂಡರ್ ಸಂಗ್ರಹಿಸಿದ ಗೆಣಸಿನ ಗಿಡವೂ ಅವುಗಳಲ್ಲಿತ್ತು. ಪಾಲಿನೇಷ್ಯದ ಹಳೆಯ ಗೆಣಸು ಪೆರು-ಈಕ್ವೆಡಾರ್ ಕಡೆಯ ವಂಶದ್ದೆಂದೂ, ಸ್ಪೇನ್ ಮತ್ತು ಪೋರ್ಚುಗಲ್‌ನವರು ಹರಡಿದ ತಳಿಗಳು ಆಮೇಲೆ ಅದರ ಮೇಲೆ ಬಂದು ಬೆರೆತವೆಂದೂ ಅವರು ತೀರ್ಮಾನಿಸಿದರು. ಅಂದರೆ ಮನುಷ್ಯರೇ ತಂದರು. 2018ರಲ್ಲಿ ಇನ್ನೊಂದು ತಂಡ ಅದೇ 1769ರ ಮಾದರಿಯನ್ನು ಓದಿ ವಿರುದ್ಧ ಮಾತು ಹೇಳಿತು. ಆ ಗಿಡದ ವಂಶ ಅಮೆರಿಕದ ವಂಶಗಳಿಂದ ಒಂದು ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕವಲೊಡೆದಿದೆ, ಆದ್ದರಿಂದ ಗೆಣಸು ತಾನಾಗಿಯೇ ಸಾಗರ ದಾಟಿತು, ಮನುಷ್ಯರ ಸಂಪರ್ಕವನ್ನು ಊಹಿಸಬೇಕಾಗಿಲ್ಲ ಎಂಬುದು ಅದರ ನಿಲುವು.

ಈ ತೀರ್ಮಾನವನ್ನು ಹಲವರು ಪ್ರಶ್ನಿಸಿದರು. ಒಂದೇ ಹಳೆಯ ಮಾದರಿಯ ಮೇಲೆ ಇಷ್ಟು ದೊಡ್ಡ ಮಾತನ್ನು ನಿಲ್ಲಿಸಬಹುದೆ? ಪಾಲಾದ ಕಾಲವೂ ಊರು ಬಿಟ್ಟ ಕಾಲವೂ ಬೇರೆಯಾಗಿರಬಹುದೆಂದು ಮೇಲೆ ಹೇಳಿದ ಎಚ್ಚರ ಇಲ್ಲಿ ಅನ್ವಯಿಸುತ್ತದೆ. ಆ ವಂಶ ಅಮೆರಿಕದಲ್ಲಿಯೇ ಎಲ್ಲೋ ಉಳಿದಿದ್ದು, ಬಹಳ ತಡವಾಗಿ ದೋಣಿಯೇರಿರಬಹುದು. 2020ರಲ್ಲಿ ಮನುಷ್ಯರ ಡಿ.ಎನ್.ಎ. ಈ ಚರ್ಚೆಗೆ ಇನ್ನೊಂದು ಸಾಕ್ಷ್ಯವನ್ನು ಸೇರಿಸಿತು. ಸುಮಾರು ಕ್ರಿ.ಶ. 1200ರ ವೇಳೆಗೆ ಪೂರ್ವ ಪಾಲಿನೇಷ್ಯದವರೂ ಇಂದಿನ ಕೊಲಂಬಿಯಾದ ಮೂಲನಿವಾಸಿಗಳಿಗೆ ಹತ್ತಿರದ ಜನರೂ ಒಬ್ಬರನ್ನೊಬ್ಬರು ಕೂಡಿದ್ದರೆಂದು ಅದು ತೋರಿಸಿತು. ಹೀಗಿರುವಾಗ ಸಂಪರ್ಕವೇ ಇರಲಿಲ್ಲವೆನ್ನುವುದು ಕಷ್ಟ. ಗೆಣಸು ಆ ಸಂಪರ್ಕದ ಮೂಲಕವೇ ಬಂತೆಂಬುದಕ್ಕೆ ಇದು ನೇರ ಪ್ರಮಾಣವಲ್ಲ, ಬಲವಾದ ಸೂಚನೆ ಮಾತ್ರ.

6. ಹೆಸರಿನ ಸಾಕ್ಷ್ಯ

ಇಲ್ಲಿ ಜಾನಪದ ಅಧ್ಯಯನ ಹೇಳಬೇಕಾದ ಮಾತೊಂದಿದೆ. ಹೊಸ ಗಿಡವೊಂದು ಬಂದಾಗ ಜನ ಅದಕ್ಕೆ ಹೆಸರಿಡುವ ಬಗೆಗಳಲ್ಲಿ ಎರಡು ಮುಖ್ಯ. ಗಿಡದ ಜೊತೆಗೆ ಅದರ ಹೆಸರನ್ನೂ ಪಡೆಯುವುದು ಒಂದು. ತಮ್ಮಲ್ಲಿ ಮೊದಲೇ ಇದ್ದ ಹೆಸರನ್ನು ಹೊಸದಕ್ಕೆ ತೊಡಿಸುವುದು ಇನ್ನೊಂದು. ಕನ್ನಡದ 'ಗೆಣಸು' ಎರಡನೆಯದಕ್ಕೆ ಉದಾಹರಣೆ. ತಮಿಳಿನ 'ಕಿಳಂಗು' ಪದದ ಸೋದರವಾದ ಇದು ಅಮೆರಿಕದ ಗೆಡ್ಡೆ ಬರುವ ಮುಂಚಿನಿಂದಲೂ ನಮ್ಮ ಭಾಷೆಯಲ್ಲಿದೆ. ಹೊಸ ಗೆಡ್ಡೆ ಬಂದು ಹಳೆಯ ಹೆಸರನ್ನು ಆಕ್ರಮಿಸಿತು.

ರಿಯೂನಿಯನ್ನಿನ ಕೋವಾ ಬಂಧುವಿಗೆ ಅಲ್ಲಿನವರು ಇಟ್ಟಿರುವ ಹೆಸರು ಇನ್ನೂ ವಿಚಿತ್ರ. ಅದು 'ತಮರಾಂ ದೆ ಓ', ಎಂದರೆ ಎತ್ತರದ ನೆಲದ ಹುಣಸೆ. ಹುಣಸೆಯ ಈ ಹೆಸರು ಅರಬ್ಬಿಯ 'ತಮ್ರ್ ಹಿಂದಿ', ಅಂದರೆ ಭಾರತದ ಖರ್ಜೂರ, ಎಂಬುದರಿಂದ ಬಂದದ್ದು. ಹೀಗೆ ಹವಾಯಿಯಿಂದ ಹಾರಿಬಂದ ಮರ ಹಿಂದೂ ಮಹಾಸಾಗರದಲ್ಲಿ ಭಾರತದ ಹೆಸರನ್ನು ಹೊತ್ತಿದೆ. ಇದಕ್ಕೆ ಸಮಾನವಾದ ಪ್ರಸಂಗ ನಮ್ಮಲ್ಲಿಯೇ ಇದೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿರುವ ಬೃಹದಾಕಾರದ ಬಾವೊಬಾಬ್ ಮರಗಳನ್ನು ಜನ 'ದೊಡ್ಡ ಹುಣಸೆ' ಎನ್ನುತ್ತಾರೆ. ಉತ್ತರ ಭಾರತದಲ್ಲಿ ಅದೇ ಮರ 'ಗೋರಖ್ ಇಮ್ಲಿ', ಗೋರಖನಾಥನ ಹುಣಸೆ. ಕಾಯಿಯೊಳಗಿನ ಹುಳಿ ಈ ಹೆಸರಿಗೆ ಕಾರಣವಾಗಿರಬೇಕು. ಭಾರತದ ಬಾವ್‌ಬಾಬ್‌ಗಳು ಆಫ್ರಿಕದ ಬೇರೆ ಬೇರೆ ತೀರಗಳಿಂದ ಬೇರೆ ಬೇರೆ ಸಲ ಬಂದವೆಂದು 2015ರ ವಂಶವಾಹಿ ಅಧ್ಯಯನ ತೋರಿಸಿದೆ. ಹೆಸರನ್ನಷ್ಟೇ ನಂಬಿದರೆ ಎರಡೂ ಮರಗಳಿಗೆ ಹುಣಸೆಯ ವಂಶಾವಳಿಯನ್ನು ಕಟ್ಟಬೇಕಾಗುತ್ತಿತ್ತು. ಇಲ್ಲಿ ತಳಿವಿಜ್ಞಾನ ನಮ್ಮನ್ನು ತಿದ್ದುತ್ತದೆ.

'ಕೂಮರ'ದ ವಿಷಯದಲ್ಲಿ ಮಾತು ತಿರುಗುತ್ತದೆ. ಬೀಜ ಒಂಟಿಯಾಗಿ ತೇಲಿಬರಬಹುದು. ಹೆಸರು ಒಂಟಿಯಾಗಿ ತೇಲಿಬರಲಾರದು, ಅದಕ್ಕೆ ಒಂದು ಬಾಯಿ, ಒಂದು ಕಿವಿ ಬೇಕು. ಎರಡು ದಡಗಳ ಹೆಸರುಗಳ ಹೋಲಿಕೆ ಆಕಸ್ಮಿಕವಲ್ಲವೆಂದಾದರೆ, ಯಾರೋ ಹೇಳಿದ್ದಾರೆ, ಯಾರೋ ಕೇಳಿದ್ದಾರೆ. ಆ ಭೇಟಿಯ ಗುರುತು ಗೆಣಸಿನ ಡಿ.ಎನ್.ಎ.ಯಲ್ಲಿ ಇರಲು ಸಾಧ್ಯವಿಲ್ಲ. ಅದೇ ರೀತಿ ಸಮೋವಾದ ಸೀನಾ ಎಂಬ ಕನ್ಯೆಯ ಕಥೆಯಲ್ಲಿ, ಅವಳನ್ನು ಪ್ರೀತಿಸಿ ಸತ್ತ ಹಾವುಮೀನಿನ ತಲೆಯನ್ನು ಹೂತಲ್ಲಿ ತೆಂಗು ಹುಟ್ಟುತ್ತದೆ. ಕಾಯಿಯ ಮೂರು ಗುರುತುಗಳು ಅದರ ಕಣ್ಣುಗಳು ಮತ್ತು ಬಾಯಿ. ನಮ್ಮ ಒಗಟುಗಳು ಅದೇ ಮೂರು ಗುರುತುಗಳಲ್ಲಿ ಮುಕ್ಕಣ್ಣನನ್ನು ಕಾಣುತ್ತವೆ. ಈ ಕಥೆಯಿಂದ ತೆಂಗು ಬಂದ ದಾರಿಯನ್ನು ಹುಡುಕುವುದು ವ್ಯರ್ಥ. ತೆಂಗನ್ನು ಅವರು ಬಂಧುವೆಂದು ಏಕೆ ತಿಳಿದರು ಎಂಬುದಕ್ಕೆ ಮಾತ್ರ ಇದರಲ್ಲಿ ಉತ್ತರವಿದೆ.

ನಮ್ಮ ಶಿಸ್ತಿಗೂ ಇದರಿಂದ ಕಲಿಯುವುದಿದೆ. ಕಾರ್ಲೆ ಕ್ರೋನ್, ಆಂಟಿ ಆರ್ನೆ ಮೊದಲಾದ ಫಿನ್ಲೆಂಡಿನ ವಿದ್ವಾಂಸರು ರೂಪಿಸಿದ ಚಾರಿತ್ರಿಕ-ಭೌಗೋಳಿಕ ವಿಧಾನ ಕಥೆಗಳ ಮೂಲರೂಪ ಮತ್ತು ಮೂಲನೆಲೆಗಳನ್ನು ಹುಡುಕಿತು. ಹೋಲಿಕೆಯ ಮೇಲೆ ಹೆಚ್ಚು ಭಾರ ಹಾಕಿತೆಂದು, ಪಾಠಾಂತರಗಳು ಹೆಚ್ಚು ಸಿಕ್ಕ ನೆಲವನ್ನೇ ತವರೆಂದು ತಿಳಿಯಿತೆಂದು ಅದರ ಮೇಲೆ ಆಕ್ಷೇಪಗಳಿದ್ದವು. ಹಂಚಿಕೊಂಡ ಹೊಸ ಬದಲಾವಣೆಗಳನ್ನು ಹುಡುಕುವ ವಂಶವೃಕ್ಷದ ವಿಧಾನವನ್ನು ಜಮ್ಶಿದ್ ತೆಹ್ರಾನಿ 2013ರಲ್ಲಿ 'ಕೆಂಪು ಟೋಪಿಯ ಹುಡುಗಿ'ಯ ಕಥೆಯ 58 ಪಾಠಗಳಿಗೆ ಅನ್ವಯಿಸಿದ. ಕಥೆಗಳು ಗಿಡಗಳಿಗಿಂತ ಸುಲಭವಾಗಿ ಒಂದರೊಳಗೊಂದು ಬೆರೆಯುತ್ತವೆಂಬ ಮಿತಿಯನ್ನು ಅರಿತು ನಮ್ಮ ಕಥಾಸಂಪತ್ತಿಗೂ ಈ ವಿಧಾನವನ್ನು ಬಳಸಿ ನೋಡಬಹುದಾಗಿದೆ.

ಕೊನೆಯದಾಗಿ ಒಂದು ಸಂಗತಿ. ಹವಾಯಿಯ ಮೌನಾ ಕೇಯಾ ಬೆಟ್ಟದ ಬೆಳ್ಳಿಕತ್ತಿಯ ಗಿಡ, ಐರೋಪ್ಯರು ತಂದುಬಿಟ್ಟ ದನಕುರಿಗಳ ಬಾಯಿಗೆ ಸಿಕ್ಕಿ ಬೆರಳೆಣಿಕೆಯಷ್ಟು ಉಳಿಯಿತು. 1970ರ ದಶಕದಿಂದ ಅದನ್ನು ಬೆಳೆಸಿ ಬೆಟ್ಟದ ಮೇಲೆ ಮತ್ತೆ ನೆಟ್ಟರು. ಹಾಗೆ ನೆಟ್ಟ ನೂರಾರು ಗಿಡಗಳು ಎರಡೇ ಎರಡು ತಾಯಿಗಿಡಗಳ ಸಂತಾನವೆಂದು ಆಮೇಲೆ ವಂಶವಾಹಿ ಪರೀಕ್ಷೆ ತಿಳಿಸಿತು. ಗಿಡಗಳ ಎಣಿಕೆ ಹೆಚ್ಚಿತ್ತು, ಅವುಗಳೊಳಗಿನ ಬರಹ ಬಡವಾಗಿತ್ತು. ತನ್ನ ಪರಾಗದಿಂದ ತಾನು ಬೀಜ ಕಟ್ಟಲಾರದ ಆ ಗಿಡಕ್ಕೆ ಇದು ಚಿಕ್ಕ ನಷ್ಟವಲ್ಲ. ಹೀಗಾಗಿ ಉಳಿದ ಕಾಡುಗಿಡಗಳ ಪರಾಗವನ್ನು ಕೈಯಾರೆ ತಂದು ಹೊಸ ಸಸಿಗಳನ್ನು ಪಡೆಯುವ ಕೆಲಸ ನಡೆಯಿತು. ಒಬ್ಬಿಬ್ಬರು ಹಾಡುಗಾರರಿಂದ ಮಾತ್ರ ಸಂಗ್ರಹಿಸಿ, ಇಡೀ ಪರಂಪರೆ ಉಳಿಯಿತೆಂದು ತೃಪ್ತರಾಗುವ ನಮ್ಮ ಕ್ಷೇತ್ರಕಾರ್ಯಕ್ಕೂ ಈ ಎಚ್ಚರಿಕೆ ಸಲ್ಲುತ್ತದೆ. 1769ರಲ್ಲಿ ಒಣಗಿಸಿಟ್ಟ ಗೆಣಸಿನ ಎಲೆ ಎರಡೂವರೆ ಶತಮಾನಗಳ ಮೇಲೆ ಸಾಕ್ಷಿ ನುಡಿಯಿತು. ಅದನ್ನು ಕಿತ್ತವರಿಗೆ ಡಿ.ಎನ್.ಎ. ಎಂಬುದು ಗೊತ್ತಿರಲಿಲ್ಲ. ಇಂದು ನಾವು ಬರೆದಿಟ್ಟುಕೊಳ್ಳುವ ಒಂದು ಸಸ್ಯನಾಮ, ಒಂದು ಐತಿಹ್ಯದ ಇನ್ನೊಂದು ಪಾಠ ಮುಂದೆ ಯಾವ ಪ್ರಶ್ನೆಗೆ ಉತ್ತರವಾಗುವುದೋ ಹೇಳಲಾಗದು. ಆದ್ದರಿಂದ ಎರಡೂ ಬಗೆಯ ಬರಹಗಳನ್ನು ಅವುಗಳ ಎಲ್ಲ ವೈವಿಧ್ಯದೊಂದಿಗೆ ಉಳಿಸಿಕೊಳ್ಳುವುದು, ಪ್ರತಿಯೊಂದಕ್ಕೂ ಅದರದೇ ಪ್ರಶ್ನೆಯನ್ನು ಕೇಳುವುದು ಇತಿಹಾಸಕಾರರ ಮತ್ತು ಜಾನಪದ ವಿದ್ವಾಂಸರ ಸಮಾನ ಹೊಣೆಯಾಗಿದೆ.